ಐದು, ಆರು, ಏಳು, ಎಂಟು

ಗದಗ ರೋಡಿನ ರೈಲ್ವೆ ವರ್ಕ್‌ಶಾಪಿನಾಗ ನಾನು ಫಿಟ್ಟರ್.
ಬೋಗಿ ಕೆಳಗ ಅಂಗಾತ ಮಲಗಿ ಸ್ಪ್ರಿಂಗಿನ ಎತ್ತರ ಅಳೀತೀನಿ,
ಒಂದು ಕಡೆ ಕೂದಲೆಳಿಯಷ್ಟು ಕುಸಿದಿದ್ರೂ
ಶಿಮ್ ಕೊಟ್ಟು ಮಟ್ಟ ಮಾಡ್ತೀನಿ.
ಹಂಗಾಗಿ ಡಾಕ್ಟರು ಕಾಗದದ ಮ್ಯಾಲೆ ಎರಡು ಗೋಲ ಬರದು
ಮಿಲಿಮೀಟರಿನಾಗ ಮಾತಾಡಿದಾಗ
ನನ್ನ ಅಂಜಿಕಿ ಅರ್ಧ ಇಳೀತು.

ನಿಂಬಿಯ ಕಣ್ಣು ಹುಟ್ಟಿದಾಗಿಂದ ನಿಂತಿಲ್ಲ.
ದೀಪದ ಕುಡಿ ಅಲ್ಲ, ಗಾಳಿಗೆ ಎಲಿ ಅಲ್ಲ,
ಇಂಜಿನ್ ಚಾಲೂ ಇಟ್ಟು ನಿಂತ ಬಸ್ಸಿನ ಕಿಟಕಿ ಗಾಜು
ಗಡಗಡ ಅಂತೈತಲ್ಲ, ಹಂಗ.
ಕೂಸಿದ್ದಾಗ ನಮ್ಮವ್ವ ದೃಷ್ಟಿ ತಗದ್ಲು,
ಮೆಣಸಿನಕಾಯಿ ಘಾಟ ಬರಲಿಲ್ಲ ನೋಡು ಅಂದ್ಲು.
ಎಲ್ಲಾ ಅಲುಗಾಡಿದಂಗ ಕಾಣ್ತೈತೇನ ಅಂತ ಕೇಳಿದ್ರ
ಇಲ್ಲಪ್ಪಾ, ಯಾಕ, ನಿನಗ ಕಾಣ್ತೈತೇನು ಅಂತಾಳ.

ಪೂರ್ತಿ ಎಡಕ್ಕ ಹೊಳ್ಳಿದ್ರ ಮಾತ್ರ
ಎರಡೂ ಕಣ್ಣು ಒಂದು ಮೂಲಿಗೆ ಹೋಗಿ ಸುಮ್ಮನಾಗ್ತಾವ.
ಆ ಮೂಲಿ ಆಕಿನ ಹುಡುಕಿಕೊಂಡಾಳ, ಯಾರೂ ತೋರಿಸಲಿಲ್ಲ.
ಮಾರಿ ಬಲಕ್ಕ ತಿರುವಿ
ಕಣ್ಣಂಚಿನಿಂದ ಓದೂದು, ಉಣ್ಣೂದು, ರಂಗೋಲಿ ಹಾಕೂದು.
ಹಂಚಿನಮನಿ ಟೀಚರ್ ಆಕಿನ್ನ ಬಲಗಡೆ ಗೋಡಿಗೆ ಕೂಡಿಸಿದ್ರು,
ಬೋರ್ಡು ಎಡಕ್ಕ ಬರಲಿ ಅಂತ.
ಓಣ್ಯಾಗಿನ ಮಂದಿ ಅಂದ್ರು: ಎಷ್ಟು ಸೊಕ್ಕು ಹುಡುಗಿಗೆ,
ಮಾತಾಡಿಸಿದ್ರ ಮಾರಿ ತಿರುವ್ತಾಳ.
ತಿರುವಿದ್ದು ನಿಮ್ಮನ್ನ ನೋಡಾಕ ಅಂತ
ಎಷ್ಟು ಮನಿ ಬಾಗಿಲಿಗೆ ಹೋಗಿ ಹೇಳೂದು.

ವಿದ್ಯಾನಗರದ ದವಾಖಾನಿ. ಮುಲ್ಲಾ ಮೇಡಂ ಅಂದ್ರು:
ಅಲುಗಾಟ ನಿಲ್ಲಿಸೂದು ನನ್ನ ಕೈಯಾಗಿಲ್ಲ.
ಆ ಸುಮ್ಮನಿರೋ ಜಾಗಾ ಐತಲ್ಲ,
ಅದನ್ನ ಎಡಗಡೆಯಿಂದ ಎತ್ತಿ ನಟ್ಟನಡುವ ಇಡ್ತೀನಿ.
ಬಲಗಣ್ಣು, ಮೂಗಿನ ಕಡೆ ಸ್ನಾಯು ಐದು ಹಿಂದಕ್ಕ,
ಕಿವಿ ಕಡೇದು ಎಂಟು ಕತ್ತರಿಸಿ ಬಿಗಿ.
ಎಡಗಣ್ಣು, ಮೂಗಿನ ಕಡೆ ಆರು ಬಿಗಿ,
ಕಿವಿ ಕಡೆ ಏಳು ಸಡಿಲ.
ನಾನು ಮನಸಿನಾಗ ಕೂಡಿಸಿದೆ.
ಐದು ಎಂಟು ಹದಿಮೂರು,
ಆರು ಏಳು ಹದಿಮೂರು.
ಬರೋಬ್ಬರಿ ಐತ್ರಿ ಮೇಡಂ, ಅಂದೆ.
ಅವರು ನನ್ನ ಉಗುರಿನ ಗ್ರೀಸ್ ನೋಡಿ ಪೆನ್ನು ಮುಚ್ಚಿದ್ರು.

ಆದ್ರ ಒಳಗ ಬಾಗಿಲು ಹಾಕಿಕೊಂಡಾಗ
ಲೆಕ್ಕ ಕೈ ಬಿಟ್ಟು ಹೋತು.
ಕಬ್ಬಿಣ ತಪ್ಪು ಕತ್ತರಿಸಿದ್ರ ಸ್ಟೋರಿನಾಗ ಇನ್ನೊಂದು ಕಬ್ಬಿಣ ಐತಿ.
ರೇಣವ್ವ ಚಹಾ ಒಲ್ಲೆ ಅಂದು ಕಪ್ಪು ಮಾತ್ರ ಹಿಡಕೊಂಡು ಕೂತ್ಲು.
ವರ್ಕ್‌ಶಾಪಿನ ಭೋಂಗಾ ಅಲ್ಲೀತನಕ ಕೇಳೂದಿಲ್ಲ,
ಆದ್ರೂ ಹೊತ್ತಾತು ಅಂತ ನನ್ನ ಕಿವಿಗೆ ಗೊತ್ತಾತು.

ಪಟ್ಟಿ ಬಿಚ್ಚಿದಾಗ ಎರಡೂ ಕಣ್ಣು ಕೆಂಪು ಸಿಗ್ನಲ್.
ಹದಿನೈದು ದಿನ ಔಷಧದ ಹನಿ, ದಿಂಬಿನ ಮ್ಯಾಲೆ ಜಗಳ.
ಕಣ್ಣು ನಡುವ ಬಂದಿದ್ರೂ ಮಾರಿ ಬಲಕ್ಕ ಹೊಕ್ಕಿತ್ತು;
ಕುತ್ತಿಗಿಗೆ ಸುದ್ದಿ ಮುಟ್ಟಿದ್ದು ಮೂರನೇ ವಾರ.

ಒಂಬತ್ತು ವರ್ಷ ನಾ ಆಕಿ ಎಡಕ್ಕ ಕೂತು ಉಂಡೀನಿ.
ಮದುವಿ ಪಂಕ್ತ್ಯಾಗ ಎಡಕ್ಕ, ಗಾಡಿ ಸೀಟಿನಾಗ ಎಡಕ್ಕ,
ಜ್ವರ ಬಂದು ಮಲಗಿದಾಗ ಹಾಸಿಗಿ ಎಡಕ್ಕ.
ಆಕಿ ಕಣ್ಣು ಸುಮ್ಮನಿರೋ ಜಾಗಾದಾಗ
ನನ್ನದೊಂದು ಮಣಿ ಇತ್ತು.

ನಿನ್ನೆ ರಾತ್ರಿ ಅಲ್ಲೇ ಕೂತೆ.
ನಿಂಬಿ ರೊಟ್ಟಿ ಮುರಿದು ಅವರವ್ವನ ಕೂಡ ಮಾತಾಡಿದ್ಲು,
ಎದುರಿಗೆ ಕೂತ ಅವರವ್ವನ ಕೂಡ.
ಆಮ್ಯಾಲೆ ಅಂದ್ಲು: ಅಪ್ಪಾ, ಅಲ್ಲಿ ಕೂತ್ರ ನೀ ಮಬ್ಬ ಕಾಣ್ತಿ,
ಈ ಕಡೆ ಬಾ.

ತಾಟು ಜಗ್ಗಿಕೊಂಡು ಎದುರಿಗೆ ಹೋದೆ.
ನೋಡಿದ್ಲು. ಕಣ್ಣು ಪೂರ್ತಿ ನಿಂತಿಲ್ಲ,
ಸ್ವಿಚ್ ಬಂದ್ ಮಾಡಿದ ಮ್ಯಾಲೂ ಲೇಥು
ತುಸು ಹೊತ್ತು ತಿರಗತೈತಲ್ಲ, ಅಷ್ಟು.
ಬಾಳ ಹೊತ್ತು ನೋಡಿದ್ಲು.

ಅಪ್ಪಾ, ನಿನ್ನ ಮೂಗು ಸೊಟ್ಟ ಐತಿ.

ಎಷ್ಟು ಮಿಲಿಮೀಟರ್ ಅಂತ ಕೇಳಿದೆ.